ಕಪ್ಪು ಗೆರೆ ಇಲ್ಲದ ಚಿತ್ರ

ಉಗರಗೋಳ
೧೨ ನವೆಂಬರ್ ೨೦೨೫

ಮುದ್ದಿನ ಮೊಮ್ಮಗಳು ಶೀತಲ್‌ಗೆ,

ಅಜ್ಜನ ಆಶೀರ್ವಾದ. ಧಾರವಾಡದ ಮೆಸ್ಸಿನ ಊಟ ಮೈಗೆ ಹತ್ತುತ್ತಿದೆಯೇ? ಕೆಮ್ಮು ಹೋಯಿತೇ? ನಾನು ಗಟ್ಟಿಯಾಗಿದ್ದೇನೆ. ಫೋನಿನಲ್ಲಿ ಮಾತಾಡಿದರೆ ನನ್ನ ಮುದುಕಿ, ನಿನ್ನ ಆಯಿಯ, ಕಿವಿ ಇತ್ತಲೇ ಇರುತ್ತದೆ, ಅದಕ್ಕೇ ಈ ಪತ್ರ.

ಚಿತ್ರಕಲೆ ಬಿಟ್ಟು ಬಿ.ಎಡ್. ಸೇರುತ್ತೇನೆ ಅಂದೆಯಂತೆ. ದೀಪಾವಳಿಗೆ ನೀನು ಬರೆದು ತಂದ ನವಿಲುತೀರ್ಥದ ಅಣೆಕಟ್ಟಿನ ಚಿತ್ರಕ್ಕೆ ಮೂಗು ತಾಗಿಸಿ ನೋಡಿ ಮಂದಿ ನಕ್ಕರು, ನಿಜ. "ಬಣ್ಣ ಚೆಲ್ಲ್ಯಾಳೇನು?" ಅಂದವರಿಗೆ ನಾನೇ ಬೈದೆ. ನೀನು ಹೇಳಿದ ಕಥೆ ನನಗೆ ನೆನಪಿದೆ. ನೂರೈವತ್ತು ವರ್ಷದ ಹಿಂದೆ, ಟ್ಯೂಬಿನಲ್ಲಿ ಬಣ್ಣ ಸಿಗುತ್ತದೆಂದು ಬಯಲಿಗೆ ಹೋಗಿ ಚಿತ್ರ ಬರೆದ ಹುಡುಗರನ್ನು ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದವರು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದರು. ಅವರು ಒಬ್ಬ ಫೋಟೊದವನ ಹಳೆಯ ಸ್ಟುಡಿಯೊದಲ್ಲಿ ತಾವೇ ಪ್ರದರ್ಶನ ಹೂಡಿದರು. ಹಂಗಿಸಲು ಇಟ್ಟ ಇಂಪ್ರೆಷನಿಸ್ಟ್ ಎಂಬ ಹೆಸರನ್ನೇ ತಲೆಯ ಮೇಲೆ ಹೊತ್ತು ಮೆರೆದರು. ನಗೆಗೆ ಹೆದರಿ ಅವರೇನು ಬಿ.ಎಡ್. ಮಾಡಲಿಲ್ಲವಲ್ಲ!

ಮುಂದಿನದು ಕೇಳು. ನಕ್ಕವರ ಬಾಯಿ ಮುಚ್ಚಿಸಬೇಕೆಂದು ನಾನು ಬೋರ್ಡು ಬರೆಯುವ ಬಾಳೇಶನನ್ನು ಕರೆಸಿದೆ. ಗುಡ್ಡದ ಕೆಳಗಿನ ಅಂಗಡಿಗಳ ಹೆಸರಿಗೆಲ್ಲ ಕೊನೆಗೆ ಕಪ್ಪು ಅಂಚು ಎಳೆಯುವವನು ಅವನೇ. "ಗಿಡಕ್ಕ, ನೀರಿಗೆ ಒಂದೊಂದ ಕರೇ ಗೆರಿ ಹೊಡದ್ರ ಎದ್ದ ಕಾಣ್ತಾವ್ರಿ ಕಾಕಾ" ಎಂದು ಕುಂಚ ಅದ್ದಿದ. ಆಚೆ ಹೊರಸಿನ ಮೇಲೆ ಮಲಗಿದ್ದ ಆಯಿ ಹೌಹಾರಿ ಎದ್ದಳು. "ಏ ಬಾಳ್ಯಾ, ಮುಟ್ಟಬ್ಯಾಡ! ನೀರ ಮ್ಯಾಲ ಬಿಸಲ ಕುಣ್ಯಾಕ ಹತ್ತೈತಿ, ನನಗ ಕಾಣಾಕ ಹತ್ತೈತಿ!" ಬಾಳೇಶ ನಗುತ್ತ ಡಬ್ಬಿ ಮುಚ್ಚಿದ. ನಾನೂ ಹಿಂದೆ ಸರಿದು ಅವಳ ಪಕ್ಕ ಕೂತೆ. ಹತ್ತಿರದಿಂದ ಬರೀ ಕುಂಚದ ಏಟುಗಳಾಗಿ ಕಂಡ ಹಳದಿ ನೀಲಿ, ಅಲ್ಲಿಂದ ನೋಡಿದರೆ ಕಣ್ಣೊಳಗೇ ಬೆರೆತು ಬಿಸಿಲು ನೀರಾದವು. ನೆರಳಿಗೂ ನೀನು ಕಪ್ಪು ಬಳಸಿಲ್ಲ, ನೀಲಿಯನ್ನೇ ಇಟ್ಟಿದ್ದೀಯ. ಬಿಸಿಲು ಸರಿಯುವ ಮೊದಲೇ ಮುಗಿಸಬೇಕೆಂದು ಅಣೆಕಟ್ಟಿನ ದಂಡೆಯಲ್ಲಿ ಚಹಾ ಆರಿದರೂ ಕುಡಿಯದೆ ಬರೆದೆಯಲ್ಲ, ಆ ಅವಸರದ ಅರ್ಥ ಈಗ ತಿಳಿಯಿತು. ಹೆಮ್ಮೆಯಿಂದ ಕಣ್ಣು ತುಂಬಿತು, ಕೂಸೇ.

ಹೊತ್ತಿಗೆ ಸರಿಯಾಗಿ ಉಣ್ಣು. ಆಯಿ ನಿನಗೆ ಮುದ್ದು ಹೇಳಿದ್ದಾಳೆ.

ನಿನ್ನ ಅಜ್ಜ,
ಶಟ್ಟೆಪ್ಪ

ತಾ.ಕ.: ಧಾರವಾಡಕ್ಕೆ ಪತ್ರ ಒಯ್ಯುವವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳುತ್ತೇನೆ. ಡಾಕ್ಟರು ಹೇಳಿದರು, ಆಯಿಯ ಕಣ್ಣಿನ ನರವೇ ಒಣಗಿದೆಯಂತೆ, ಆಪರೇಶನ್ನಿಗೂ ಬರುವುದಿಲ್ಲವಂತೆ. ನಿನಗೆ ತಿಳಿಸಬಾರದೆಂದು ಆಣೆ ಹಾಕಿಸಿದ್ದಳು, ಮುರಿದಿದ್ದೇನೆ. ಸಣ್ಣ ಗೆರೆಗಳು ಈಗಲೇ ಕಾಣುವುದಿಲ್ಲ, ಬಣ್ಣ ಇನ್ನೂ ಕಾಣುತ್ತದೆ. ನಿನ್ನೆ ಗೋಡೆಯ ಮೇಲಿನ ನಿನ್ನ ಫೋಟೊ ಸವರಿ "ಇದ ನಮ್ಮ ಶೀತಲ್ ಹೌದಲ್ಲರಿ?" ಅಂತ ಕೇಳಿದಳು. ಈ ವಾರವೇ ಬಾ. ನಿನ್ನ ಮುಖವನ್ನು ನಿನ್ನ ರೀತಿಯಲ್ಲೇ ದೊಡ್ಡದಾಗಿ ಬರೆದು ಹೊರಸಿನ ಎದುರಿಗೆ ತೂಗುಹಾಕು. ಕತ್ತಲಾಗುವ ಮೊದಲು ಆಯಿ ನಿನ್ನನ್ನು ನೋಡಲಿ.