ಗದ್ದ ಎತ್ತುವವರೆಗೆ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 11

ಅಂಗಡಿಯಲ್ಲಿ ಎರಡು ಗಿಟಾರ್‌ಗೆ ತಂತಿ ಬದಲಿಸಿದೆ. ಮೂರನೆಯದರ ಕುತ್ತಿಗೆ ಸೊಟ್ಟ. ಕಾಲೇಜು ಹುಡುಗಿಯೊಬ್ಬಳದು. ಹನ್ನೆರಡರಿಂದಾಚೆಯ ಫ್ರೆಟ್ ಪಟ್ಟಿಗಳು ಹೊಚ್ಚ ಹೊಸದಾಗಿಯೇ ಇವೆ... ಬೆರಳು ಅತ್ತ ಸುಳಿದೇ ಇಲ್ಲ. ಕೇಳಿದರೆ, "ಅಲ್ಲೇನಿದೆ ಅಂಕಲ್? ಕಾರ್ಡ್ಸ್ ಎಲ್ಲಾ ಈ ಕಡೇನೇ ಇದೆಯಲ್ಲ" ಅಂದಳು. ಹಾಡಿನ ನಡುವೆ ಒಂಟಿಯಾಗಿ ಸೋಲೊ ನುಡಿಸುವ ನಾವು ಸಂಸಾರ ಹೂಡಿದ್ದೇ ಅಲ್ಲಿ.

ಅದೇ ದಿನ, ಊಟವಾದ ಮೇಲೆ

ನಮ್ಮ ಬ್ಯಾಂಡಿನ ಹಳೇ ಹಾಡನ್ನು ಮಗಳೇ ತನ್ನ ಸ್ಟುಡಿಯೋದಲ್ಲಿ ಹೊಸದಾಗಿ ಮಿಕ್ಸ್ ಮಾಡುತ್ತಿದ್ದಾಳೆ. ಮೂವತ್ತೊಂದು ವರ್ಷದ ಟೇಪು. ತಟ್ಟೆ ನೋಡಿಕೊಂಡೇ ಮಾತು ತೆಗೆದಳು.

"ಅಪ್ಪಾ, ಹಾಡು ಮೂರು ನಿಮಿಷ ದಾಟಬಾರ್ದು ಅಂತಾರೆ ಆಡಿಯೊ ಕಂಪನಿಯವ್ರು. ಸೋಲೊಗೆ... ಹನ್ನೆರಡು ಸೆಕೆಂಡು ಸಿಗತ್ತೆ."

"ಈಗ ಎಷ್ಟಿದೆ?"

"ಒಂದು ನಿಮಿಷ ಐವತ್ತು."

"ಕತ್ತರಿಸು."

"ಕತ್ತರಿಸಿದ್ರೆ ಮುರಿದ ಹಾಗೆ ಕೇಳತ್ತೆ. ನೀನೇ ಹೊಸದಾಗಿ ನುಡಿಸ್ಬೇಕು. ಶನಿವಾರ ಬಾ."

ನನಗೇನೂ ಬೇಜಾರಿಲ್ಲ ಎಂದು ಕೈ ತೊಳೆಯಲು ಎದ್ದೆ. ಸುಳ್ಳು.

ಮಾರ್ಚ್ 5

ಗಡಿಯಾರ ಎದುರಿಗಿಟ್ಟು ನುಡಿಸಿದೆ. ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಹನ್ನೆರಡು ಸೆಕೆಂಡು ಮುಗಿಯಿತು. ಆಂಪ್ಲಿಫೈಯರ್ ಸರಿಯಿಲ್ಲ ಅಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು ಹೆಂಡತಿ, ಒಳಗಿನಿಂದಲೇ.

ಬ್ಯಾಂಡಿದ್ದಾಗ ಸೋಲೊಗೆ ಅಳತೆಯೇ ಇರಲಿಲ್ಲ. ಒಂದೇ ಕಟ್ಟಳೆ: ಸಾಕು ಅನ್ನಿಸಿದಾಗ ನಾನು ಗದ್ದ ಎತ್ತಬೇಕು, ಡ್ರಮ್ಮರ್ ನೋಡಿ ಸಿಂಬಲ್ ತಟ್ಟೆ ಹೊಡೆಯಬೇಕು, ಗಾಯಕ ಮೈಕಿಗೆ ಮರಳಬೇಕು. ಎಷ್ಟೋ ಸಲ ಎರಡು ಮೂರು ಬಾರಿ ಎತ್ತಬೇಕಾಗುತ್ತಿತ್ತು. ಸ್ಟೇಜಿನ ಕತ್ತಲಲ್ಲಿ ಡ್ರಮ್ಮರ್‌ಗೆ ಕಾಣುವುದಿಲ್ಲ ಅಂದುಕೊಂಡಿದ್ದೆ. ಜನ ಸೋಲೊಗೇ ಕಾದಿರುತ್ತಿದ್ದರು. ಎದ್ದು ನಿಂತು, ಇಲ್ಲದ ಗಿಟಾರನ್ನು ಗಾಳಿಯಲ್ಲೇ ನುಡಿಸುತ್ತಿದ್ದರು. ಈಗ ಸೋಲೊ ಶುರುವಾದರೆ ಬೆರಳು ಫೋನಿನ ಮೇಲೆ. ಮುಂದಿನ ಹಾಡು.

ಬ್ಯಾಂಡ್ ಬಿಟ್ಟು ಹೋಗುವ ದಿನ ಗಾಯಕ ಅಂದದ್ದು ಇನ್ನೂ ಕಿವಿಯಲ್ಲಿದೆ: "ನಿನ್ನ ಸೋಲೊ ಮುಗಿಯೋಷ್ಟ್ರಲ್ಲಿ ನಾನು ಮುದುಕ ಆಗ್ತೀನಿ ಕಣೋ." ಡ್ರಮ್ಮರ್ ತಲೆ ತಗ್ಗಿಸಿ ನಿಂತಿದ್ದ. ಅವನಿಗೂ ಹಾಗೇ ಅನ್ನಿಸಿರಬೇಕು. ಬ್ಯಾಂಡು ಮುರಿದದ್ದು ನನ್ನ ಆಸೆಬುರುಕತನದಿಂದ. ಕೇಳಲು ಧೈರ್ಯ ಬರಲಿಲ್ಲ... ಹೋದ ವರ್ಷ ಡ್ರಮ್ಮರ್ ತೀರಿಕೊಂಡ.

ಮಾರ್ಚ್ 7, ಮಧ್ಯಾಹ್ನ

ಮಗಳ ಫೋನು. "ಬೇಗ ಬಾ. ಟೇಪಿನ ಕೊನೇಲಿ ಮಾತಿದೆ."

ಹೋದೆ. ಟೇಪಿನಲ್ಲಿ ಸಿಂಬಲ್ ಸದ್ದು ಇಳಿಯಿತು. ಬಾಗಿಲು ಬಡಿದುಕೊಂಡಿತು— ಬೆವರು ಒರೆಸಿಕೊಳ್ಳಲು ನಾನು ಹೊರಗೆ ಹೋದದ್ದು. ಆಮೇಲೆ ಗಾಯಕನ ಸಿಡುಕು.

"ಅವ್ನು ಆಗ್ಲೇ ಗದ್ದ ಎತ್ತಿದ್ನಲ್ಲೋ! ಕಾಣ್ಲಿಲ್ವಾ?"

ಡ್ರಮ್ಮರ್ ನಗುತ್ತಿದ್ದ. "ಎಲ್ಲಿಂದ ಕಾಣತ್ತೆ? ಕಣ್ಣು ಮುಚ್ಕೊಂಡಿದ್ದೆ. ತೆಗೆದ್ರೆ ನಿಲ್ಲಿಸ್ಬೇಕಾಗತ್ತಲ್ಲೋ. ಯಾವಾಗ್ಲೂ ಹಂಗೇ ಮಾಡೋದು. ಅವ್ನಿಗೆ ಹೇಳ್ಬೇಡ."

ಟೇಪು ಅಲ್ಲಿಗೆ ಮುಗಿಯಿತು. ಮೂರು ಸಲ ಹಾಕಿಸಿದೆ. ಮಗಳ ಎದುರಿಗೇ ಅತ್ತುಬಿಟ್ಟೆ. ಅವಳು ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ಗದ್ದದ ಕತೆಯನ್ನೆಲ್ಲ ಅವಳಿಗೆ ಹೇಳಿದೆ. ದರಿದ್ರದವನು, ಬದುಕಿದ್ದಾಗ ಒಂದು ಮಾತು ಹೇಳಬಾರದಿತ್ತೇ?

ಮಾರ್ಚ್ 8, ಶನಿವಾರ, ಸಂಜೆ 6

ಈಗಷ್ಟೇ ಬಂದೆ. ಮರೆಯುವ ಮೊದಲು ಬರೆದಿಡಬೇಕು.

ಗಾಜಿನಾಚೆ ಮಗಳು, ಈಚೆ ನಾನು. ಹನ್ನೆರಡು ಸೆಕೆಂಡಿಗೆ ನಾನು ಗದ್ದ ಎತ್ತುವುದು, ಅವಳು ಗುಂಡಿ ಒತ್ತಿ ನಿಲ್ಲಿಸುವುದು. ಹಿನ್ನೆಲೆಗೆ ಹಳೇ ಟೇಪಿನ ಅವನ ಡ್ರಮ್ಮನ್ನೇ ಹಾಕಿದ್ದಳು. ನುಡಿಸಿದೆ. ಹನ್ನೆರಡು ಸೆಕೆಂಡೂ ಸರಿಯಾಗಿ ಬಂತು. ಕಂಪನಿಗೆ ಅಷ್ಟು ಸಾಕು. ಗದ್ದ ಎತ್ತಿದೆ.

ಡ್ರಮ್ ನಿಲ್ಲಲಿಲ್ಲ.

ಇನ್ನೊಮ್ಮೆ ಎತ್ತಿದೆ. ಗಾಜಿನಾಚೆ ನೋಡಿದೆ. ಕಳ್ಳಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಾಳೆ.

ಬೆರಳು ತಾನಾಗಿ ಹದಿನೈದನೇ ಫ್ರೆಟ್‌ಗೆ ಹೋಯಿತು. ಅಲ್ಲಿಂದ—