ಕೈ ಮಾಡ್ರಿ

ಮಾಳಮಡ್ಡಿ, ಧಾರವಾಡ
೧೨ ಆಗಸ್ಟ್ ೨೦೨೪

ಪ್ರೀತಿಯ ಮಗಳು ಸೌಂದರ್ಯಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಕಲಬುರಗಿಯ ಧೂಳಿನಲ್ಲಿ ದಿನವಿಡೀ ವಾದ ಮಾಡುವವಳು ಬಿಸಿನೀರು ಕುಡಿಯಬೇಕಂತೆ, ನಿನ್ನ ಅವ್ವನ ಅಪ್ಪಣೆ. ನಾವು ಆರಾಮಿದ್ದೇವೆ, ಮನಸ್ಸೊಂದನ್ನು ಬಿಟ್ಟು. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ವಕೀಲರ ಚಟ. ಅದಕ್ಕೇ ಈ ಕಾಗದ.

ಶನಿವಾರ ನಡೆದದ್ದನ್ನು ನನಗೆ ಇನ್ನೂ ನಂಬಲಾಗುತ್ತಿಲ್ಲ. ಹೆಬ್ಬಳ್ಳಿ ರಸ್ತೆಯಲ್ಲಿ ನಮ್ಮ ಹೊಲದ ಹತ್ತಿರದ ಕ್ರಾಸಿನಲ್ಲಿ ಆರು ತಿಂಗಳಿಂದ ಬಸ್ಸು ನಿಲ್ಲುತ್ತಿರಲಿಲ್ಲ. ಹುಡುಗಿಯರು ಕಾಲೇಜು ಬಿಡತೊಡಗಿದ್ದರು. ನಿಷೇಧಾಜ್ಞೆ ಇದ್ದರೂ ರಸ್ತೆಗಿಳಿದು ಬಸ್ಸು ತಡೆಯೋಣ ಎಂದವನು ನಾನೇ. ಮೂವತ್ತು ವರ್ಷ ತತ್ವಶಾಸ್ತ್ರ ಕಲಿಸಿದವನು, ಕಾನೂನುಭಂಗದ ಮೇಲೆ ಪುಸ್ತಕ ಬರೆದವನು. ಕಾನೂನನ್ನು ಖಾಲಿ ಕೈಯಿಂದ ಮುರಿಯಬೇಕು, ಮುರಿದವನು ತನ್ನ ಹೆಸರು ತಾನೇ ಹೇಳಿ ಶಿಕ್ಷೆಗೆ ನಿಲ್ಲಬೇಕು, ಕಲ್ಲೆತ್ತಿದವನು ಎದುರಿನವನ ಮಾತು ಕೇಳುವುದನ್ನೇ ಬಿಟ್ಟಿರುತ್ತಾನೆ ಎಂಬ ನನ್ನ ವಿಚಾರವನ್ನು ನೀನೇ ಆಕಳಿಸುತ್ತ ಟೈಪ್ ಮಾಡಿದ್ದೆ.

ಮೊದಲ ಬಸ್ಸು ಬಂತು. ‘ಕೈ ಮಾಡ್ರಿ’ ಎಂದು ಕೂಗಿದೆ. ಎಲ್ಲರೂ ಕೈ ಚಾಚಿದರು. ಅದು ಪಕ್ಕದಿಂದ ನುಗ್ಗಿ ಕೆಸರು ಸಿಡಿಸಿ ಹೋಯಿತು. ಎರಡನೆಯದು ಬಂದಾಗ ಮತ್ತೆ ಕೂಗಿದೆ. ಪಕ್ಕದ ಹೊಲದ ನಮ್ಮ ಹೊಳೆಯಪ್ಪ, ಇರುವೆಗೂ ದಾರಿ ಬಿಡುವ ಮನುಷ್ಯ, ಕಲ್ಲು ಒಗೆದ. ಗಾಜು ಒಡೆದು ಚೂರು ಚಾಲಕ ಫಕೀರಪ್ಪನ ಕಣ್ಣಿಗೆ ಹೊಕ್ಕಿತು. ಆತ ಬ್ರೇಕ್ ಹಾಕಿದ್ದ, ಸೌಂದರ್ಯಾ. ಬಸ್ಸು ನಿಲ್ಲುತ್ತಿತ್ತು.

ಠಾಣೆಯಲ್ಲಿ ಹೊಳೆಯಪ್ಪ ಹೇಳಿದ್ದು ಇಷ್ಟೇ: ‘ಸರ್ ಕೈ ಮಾಡ್ರಿ ಅಂದ್ರು, ನಾ ಮಾಡಿದ್ನಿರಿ.’ ನಮ್ಮ ಕಡೆ ಬಸ್ಸು ನಿಲ್ಲಿಸುವುದೂ ಕೈ ಮಾಡುವುದೇ, ಹೊಡೆಯುವುದೂ ಕೈ ಮಾಡುವುದೇ. ನಿನ್ನೆ ಫೋನಿನಲ್ಲಿ ನೀನು ಅದನ್ನೇ ಹಿಡಿದೆ. ಅಪ್ಪಾ, ನೀವು ಹೇಳಿದ್ದು ಬಸ್ಸು ನಿಲ್ಲಿಸಲು, ತಪ್ಪು ತಿಳಿದವನು ಹೊಳೆಯಪ್ಪ, ನೀವು ಸುಮ್ಮನಿರಿ ಎಂದೆ. ಛಲೋ ವಾದ. ಆದರೆ ಒಳಗಿರುವವನು ಅವನೊಬ್ಬನೇ. ನಿನ್ನ ಅವ್ವ ರೊಟ್ಟಿ ಬಡಿಸುತ್ತ, ‘ಆಂವಗ ನಿಮ್ಮ ಪುಸ್ತಕ ಎಲ್ಲಿ ಗೊತ್ತೈತ್ರಿ, ನಿಮ್ಮ ಮಾತಷ್ಟ ಗೊತ್ತು’ ಎಂದಳು. ತಟ್ಟೆ ಸರಿಸಿ ಈ ಕಾಗದ ಬರೆಯಲು ಕುಳಿತೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಮಾತಿಗೆ ಸದಾ ಸತ್ಯದ ಬಲವಿರಲಿ.

ನಿನ್ನ ಅಪ್ಪ,
ಕುಬೇರಪ್ಪ

ತಾ.ಕ.: ಎರಡನೆಯ ಸಲ ಕೂಗುವಾಗ ನನ್ನ ಮುಖದ ಮೇಲೆ ಮೊದಲ ಬಸ್ಸಿನ ಕೆಸರಿತ್ತು. ಹೊಳೆಯಪ್ಪನ ಕೈಯಲ್ಲಿ ಕಲ್ಲು ಕಂಡಿತು. ಕಂಡೇ ಕೂಗಿದೆ. ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ನೇರ ಠಾಣೆಗೆ ಹೋಗುತ್ತೇನೆ, ನನ್ನ ಹೆಸರು ಹೇಳಲು. ಅವನು ತಪ್ಪು ತಿಳಿಯಲಿಲ್ಲ, ಮಗಳೇ.