ತಲೆಕೆಳಗಾದ ಸುರುಳಿ

ರೋಮ್, ಜೂನ್ ಹತ್ತು

ಪ್ರೀತಿಯ ಅಮ್ಮನಿಗೆ ಮೆಲಿಸ್ಸಾಳ ನಮಸ್ಕಾರ.

ಯಜಮಾನರು ಅಣ್ಣನಿಗೆ ಮೋಸ ಮಾಡಿದರು. ಈ ಮಾತು ಆಡಬೇಡ ಎಂದಿದ್ದೆ ನೀನು. ಆಡಿದೆ, ಅವರ ಎದುರಿಗೇ ಆಡಿದೆ. ನಿನಗೆ ದಾಸ್ಯದಿಂದ ಬಿಡುಗಡೆಯಾದ ಮೇಲೆ ಹುಟ್ಟಿದ್ದಕ್ಕೆ ನಾನು ಸ್ವತಂತ್ರಳು. ಮೊದಲೇ ಹುಟ್ಟಿದ್ದಕ್ಕೆ ಅಣ್ಣ ನಿಕೋನ್ ಇನ್ನೂ ದಾಸ. ಮೂವತ್ತು ತುಂಬಿದ ದಿನವೇ ಅವನನ್ನು ಬಿಡುತ್ತೇನೆಂದು ಮಾತು ಕೊಟ್ಟ ಯಜಮಾನರು, ತತ್ತ್ವಜ್ಞಾನಿ ಕಾಲ್ವೆಂಟಿಯಸ್, ಮೂರು ವರ್ಷದಿಂದ ನಾಳೆ, ನಾಳೆ ಎನ್ನುತ್ತಲೇ ಇದ್ದರು.

ಪುಸ್ತಕದಂಗಡಿಯಲ್ಲಿ ಹಾಳೆ ಅಂಟಿಸಿ ಸುರುಳಿ ಮಾಡುತ್ತಾ ಕದ್ದು ಓದಿದ್ದೇ ನನ್ನ ವಿದ್ಯೆ. ಹೋದ ವಾರ ಅವರದೇ ಹೊಸ ಸುರುಳಿ ಕೈಗೆ ಬಂತು. ‘ನಾಳೆ ನ್ಯಾಯ ಮಾಡುತ್ತೇನೆ ಎನ್ನುವವನು ಇಂದು ಅನ್ಯಾಯ ಮಾಡುತ್ತಿದ್ದಾನೆ’ ಎಂದಿತ್ತು. ಮೈಯೆಲ್ಲ ಉರಿಯಿತು. ಆ ಸಾಲನ್ನು ಬರೆಸಿದ್ದು ಅಣ್ಣನ ಕೈಯಲ್ಲೇ!

ಇಂದು ಬೆಳಗ್ಗೆ ಅವರ ಮನೆಯಲ್ಲಿ, ಅವರಿಗೆ ನಮಸ್ಕಾರ ಹೇಳಲು ಬಂದವರ ಸಾಲಿನಲ್ಲಿ ನಿಂತು, ಸುರುಳಿ ಬಿಚ್ಚಿ ಆ ಮಾತನ್ನೇ ಗಟ್ಟಿಯಾಗಿ ಓದಿದೆ.

“ಏ ಹುಡುಗಿ, ಮೊದ್ಲು ಕೈಯ ಅಂಟು ತೊಳ್ಕೊಂಡು ಬಾ. ಆಮೇಲೆ ತತ್ತ್ವ ಹೇಳುವಂತೆ” ಎಂದು ಒಬ್ಬ ನಕ್ಕ.

“ಅಂಟು ತೊಳೆದ್ರೆ ಹೋಗುತ್ತೆ ಕಣಯ್ಯಾ. ಕೊಟ್ಟ ಮಾತು?” ಎಂದು ಯಜಮಾನರತ್ತ ತಿರುಗಿದೆ. “ನಮ್ಮಣ್ಣನ ನಾಳೆ ಯಾವತ್ತು ಬರುತ್ತೆ, ಯಜಮಾನ್ರೇ?”

ಅವರು ಕೈಚಾಚಿ ಸುರುಳಿ ತೆಗೆದುಕೊಂಡು ಬಿಚ್ಚಿ ಹಿಡಿದರು. ತಲೆಕೆಳಗಾಗಿ ಹಿಡಿದಿದ್ದರು, ಅಮ್ಮ. ಅಣ್ಣ ಮೆಲ್ಲನೆ ತಿರುಗಿಸಿ ಕೊಟ್ಟ.

“ಮೂರು ವರ್ಷದಿಂದ ಕಣ್ಣು ಮಂಜಾಗ್ತಾ ಬಂತು ಮಗಳೇ. ಈಗ ಪೂರ್ತಿ ಕತ್ತಲೆ” ಎಂದರು ಯಜಮಾನರು. “ಸಾವಿಗೆ ಹೆದರಬೇಡಿ ಅಂತ ಊರಿಗೆಲ್ಲ ಬರೆದೆ. ಇವನು ಹೋದ್ರೆ ಓದಿ ಹೇಳೋರ್ಯಾರು ಅಂತ ನಾನೇ ಹೆದರಿಬಿಟ್ಟೆ.”

“ಅದಕ್ಕೆ ನಮ್ಮಣ್ಣ ಏನು ನಿಮ್ಮ ದೀಪದ ಬುಡ್ಡಿನಾ?”

“ಸಾಕು ಬಾಯ್ಮುಚ್ಚೇ!” ಅಣ್ಣ ಗದರಿದ.

“ಬಿಡೋ, ಸರಿಯಾಗೇ ಕೇಳಿದ್ಲು” ಎಂದ ಯಜಮಾನರು ಅಲ್ಲೇ, ಅಷ್ಟೂ ಜನರ ಮುಂದೆ, ಬಿಡುಗಡೆಗೆ ದಿನ ಗೊತ್ತುಮಾಡಿದರು.

ಎದೆಯ ಮೇಲಿನ ಕಲ್ಲು ಇಳಿಯಿತಮ್ಮ. ಮನೆಗೆ ಬಂದು ಬೆಳ್ಳುಳ್ಳಿ ಹಾಕಿ ಅರೆದ ಗಿಣ್ಣು ಹಚ್ಚಿಕೊಂಡು ಮೂರು ರೊಟ್ಟಿ ತಿಂದೆ. ಅಣ್ಣನಿಗೆ ಮೂವತ್ತು ತುಂಬಿದಾಗಲೇ ನೀನು ಮಾಡಿಟ್ಟ, ಬಿಡುಗಡೆಯಾದ ದಾಸರು ತೊಡುವ ಟೋಪಿಗೆ ಹುಳ ಹಿಡಿದಿದ್ದರೂ ಸರಿ, ತೆಗೆದುಕೊಂಡು ಬಾ.

ನಿನ್ನ ಬಾಯಿಬಡುಕಿ,
ಮೆಲಿಸ್ಸಾ

ಮರೆತೆನೆಂದಲ್ಲ, ಹೇಳಲು ನಾಚಿಕೆಯಾಗಿ ಬಿಟ್ಟ ಮಾತು: ಇನ್ನು ಮುಂದೆ ಬೆಳಗಿನ ಹೊತ್ತು ಯಜಮಾನರಿಗೆ ಓದಿ ಹೇಳುವವಳು ನಾನೇ. ಅವರು ಕೇಳಲಿಲ್ಲ; ನಾನೇ ಬಾಯಿಬಿಟ್ಟು ಓದುತ್ತೇನೆ ಎಂದೆ. ಪ್ರತಿ ಪುಟಕ್ಕೂ ಜಗಳವಾಡುತ್ತೇನೆ ಎಂದೂ ಹೇಳಿದ್ದೇನೆ. ನಗುವುದಿದ್ದರೆ ಅಣ್ಣನ ಬಿಡುಗಡೆಗೆ ಬಂದು ಎದುರಿಗೇ ನಗು: ಜೂನ್ ಹದಿಮೂರು, ಸೂರ್ಯ ಹುಟ್ಟಿದ ಮೇಲಿನ ಮೂರನೆಯ ತಾಸು, ನ್ಯಾಯಾಧಿಕಾರಿಯ ಕಟ್ಟೆಯ ಮುಂದೆ.